ಎಂಟು ಪದರದ ಬಟ್ಟೆ

ತಿತಿಕವೇಕ, ರಾರೊಟೊಂಗಾ
೧೪ ಸೆಪ್ಟೆಂಬರ್ ೧೯೮೮

ಪ್ರೀತಿಯ ಮೆರೆಯಾನಕ್ಕನಿಗೆ,

ಕಿಯಾ ಒರಾನಾ. ನಾವು ಗಂಡ ಹೆಂಡತಿ ಚೆನ್ನಾಗಿದ್ದೇವೆ. ಪುನಾನ ಬೆನ್ನುನೋವು ಹಾಗೇ ಇದೆ, ಅವನ ಬಸ್ಸೂ ಹಾಗೇ ಇದೆ. ಎರಡೂ ದಿನವಿಡೀ ದ್ವೀಪದ ಸುತ್ತ ತಿರುಗಿ ಸಂಜೆಗೆ ನರಳುತ್ತ ಮನೆಗೆ ಬರುತ್ತವೆ. ಈ ಕಾಗದವನ್ನು ಪಾದ್ರಿಗಳ ಹೆಂಡತಿ ನಾಳೆಯ ವಿಮಾನದಲ್ಲಿ ತರುತ್ತಾರೆ. ಅಂಚೆಗೆ ಹಾಕಿದರೆ ನಿನಗೆ ಮುಟ್ಟಲು ಹತ್ತು ದಿನ ಬೇಕು. ಅಷ್ಟರೊಳಗೆ ತೆಪೈರು ಅತ್ತೆಯ ಮಗಳು ಟೊಕೊರೊವಾದ ನಿಮ್ಮ ಚರ್ಚಿನಲ್ಲಿ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿ ಮುಗಿಸಿರುತ್ತಾಳೆ. ನೀನು ಇದನ್ನು ಮೊದಲು ನನ್ನಿಂದಲೇ ಕೇಳಬೇಕು.

ಅಕ್ಕ, ಎರಡು ವರ್ಷದಿಂದ ನಾನು ನಿನ್ನ ಹೆಸರು ಹೇಳಿಕೊಂಡು ಅನ್ನ ತಿನ್ನುತ್ತಿದ್ದೇನೆ. ನಿನಗೆ ಇದು ಜುಲೈ ತಿಂಗಳಲ್ಲೇ ಗೊತ್ತಾಗಿದೆ ಅನ್ನುವುದೂ ನನಗೆ ಗೊತ್ತು. ಆದರೂ ನೀನು ಬೈದು ಒಂದು ಸಾಲು ಬರೆಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಅದಕ್ಕೇ ಶುರುವಿನಿಂದ ಹೇಳುತ್ತೇನೆ, ಓದುವಾಗ ಕೋಪ ಬಂದರೆ ಸ್ವಲ್ಪ ಹೊತ್ತು ಕಾಗದ ಕೆಳಗಿಟ್ಟು ಆಮೇಲೆ ಮುಂದಕ್ಕೆ ಓದು.

ಹಣ್ಣಿನ ರಸದ ಕಾರ್ಖಾನೆ ಬಾಗಿಲು ಹಾಕಿದ್ದು ನಿನಗೆ ಬರೆದಿದ್ದೆ. ಹದಿನಾರು ವರ್ಷ ಕಿತ್ತಳೆ ಆರಿಸಿದ ಕೈಗೆ ಒಂದು ಶುಕ್ರವಾರ ಇದ್ದಕ್ಕಿದ್ದಂತೆ ಕೆಲಸವಿಲ್ಲ. ಅದೇ ತಿಂಗಳು ಡಾಕ್ಟರು ಪುನಾನಿಗೆ, ಈ ಬೆನ್ನಿಟ್ಟುಕೊಂಡು ಇನ್ನು ಎರಡು ಮೂರು ವರ್ಷಕ್ಕಿಂತ ಹೆಚ್ಚು ಬಸ್ಸು ಓಡಿಸಲಾರೆ ಅಂದರು. ಇದನ್ನು ಮಾತ್ರ ನಿನಗೆ ಬರೆದಿರಲಿಲ್ಲ. ಹೋಟೆಲಿನಲ್ಲಿ ಹಾಸಿಗೆ ಸರಿಮಾಡುವ ಕೆಲಸಕ್ಕೆ ಹೋಗಿ ಕೇಳಿದೆ, ವಯಸ್ಸಾಯಿತು ಅಂದರು. ನಲವತ್ತಮೂರಕ್ಕೆ ನನಗೆ ಹಾಸಿಗೆ ಸರಿಮಾಡಲು ವಯಸ್ಸಾಗಿದೆಯಂತೆ. ಮನೆಗೆ ಬಂದು ಪೆಟ್ಟಿಗೆಯಿಂದ ಅಮ್ಮನ ದೊಡ್ಡ ಕತ್ತರಿ ತೆಗೆದೆ.

ನಮ್ಮಲ್ಲಿ ತಿವೈವೈ ಹೊಲಿಯುವ ಹೆಂಗಸರು ನೂರು ಜನ ಸಿಗುತ್ತಾರೆ, ಅದಕ್ಕೆ ಬಟ್ಟೆ ಕತ್ತರಿಸುವವಳು ಊರಿಗೆ ಒಬ್ಬಳು. ಹಾಸಿಗೆಯಗಲದ ಬಟ್ಟೆಯನ್ನು ಎಂಟು ಪದರ ಮಡಿಸಿ, ಒಂದು ಗೆರೆಯನ್ನೂ ಎಳೆಯದೆ ಕತ್ತರಿ ಇಳಿಸಬೇಕು. ಬಿಚ್ಚಿದರೆ ಇಡೀ ಚಿತ್ತಾರ ಒಂದೇ ತುಂಡಾಗಿ ಬರಬೇಕು, ಅದನ್ನು ಇನ್ನೊಂದು ಬಣ್ಣದ ಬಟ್ಟೆಯ ಮೇಲಿಟ್ಟು ಹೊಲಿದರೆ ಹೊದಿಕೆ. ಎಲೆ ಒಂದು ಕಡೆ ತಪ್ಪಿದರೆ ಎಂಟು ಕಡೆ ತಪ್ಪುತ್ತದೆ. ನೀನು ನ್ಯೂಜಿಲೆಂಡಿಗೆ ಹೋದ ಮೇಲೆ ಇಲ್ಲಿ ಕತ್ತರಿ ಹಿಡಿಯುತ್ತಿದ್ದ ಮುದುಕಿಯೂ ತೀರಿಕೊಂಡಳು. ಆಮೇಲೆ ಹೆಂಗಸರು ಹಳೆಯ ಹೊದಿಕೆಗಳನ್ನೇ ಕೆಳಗಿಟ್ಟು ನಕಲು ತೆಗೆಯುತ್ತಿದ್ದರು. ಕೆಲಸಕ್ಕೆ ಜಾಗ ಖಾಲಿ ಇತ್ತು, ಹೋಗಿ ಕೂರುವ ಧೈರ್ಯ ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ಪುನಾ ಹಲಗೆಯ ಮೇಲೆ ‘ತಿವೈವೈ ಬಟ್ಟೆ ಕತ್ತರಿಸಿ ಕೊಡಲಾಗುತ್ತದೆ’ ಎಂದು ಬರೆದು ರಸ್ತೆಯಂಚಿನ ಮಾವಿನ ಮರಕ್ಕೆ ಹೊಡೆದ. ಮೂರು ವಾರ ಒಬ್ಬರೂ ಬರಲಿಲ್ಲ. ಕೋಳಿಗಳು ಮಾತ್ರ ಬಂದು ಬೋರ್ಡಿನ ನೆರಳಲ್ಲಿ ಕೂತು ಹೋದವು.

ನಾಲ್ಕನೆಯ ವಾರ ಅರೊರಾಂಗಿ ಊರಿನ ಒಬ್ಬ ಹೆಂಗಸು ನೇರಳೆ ಬಟ್ಟೆ ಹಿಡಿದುಕೊಂಡು ಬಸ್ಸಿಂದ ಇಳಿದಳು. ನನ್ನನ್ನು ನೋಡಿ ಮುಖ ಚಿಕ್ಕದು ಮಾಡಿದಳು.

“ನೀನಾ ಕತ್ತರ್ಸೋದು? ನಿಮ್ಮಕ್ಕ ಕತ್ತರ್ಸುವಾಗ ಬಟ್ಟೆ ಮೂಲೆ ಹಿಡ್ಕೊಂಡು ಕೂತಿರ್ತಿದ್ದೋಳಲ್ವೇನೇ ನೀನು?”

ಹೌದು ಅಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಅವಳು ಅದೇ ಬಸ್ಸಿನ ಮುಂದಿನ ಸುತ್ತಿಗೆ ಹತ್ತಿ ಹೊರಟುಹೋಗುತ್ತಿದ್ದಳು.

“ಮಾದರಿ ಎಲ್ಲ ಅಕ್ಕನೇ ಕಳಿಸ್ತಾಳೆ, ನ್ಯೂಜಿಲೆಂಡಿಂದ. ನಂದು ಬರೀ ಕತ್ತರಿ ಆಡಿಸೋ ಕೆಲಸ.”

ಅವಳ ಮುಖ ಅರಳಿತು. ಬಟ್ಟೆ ನನ್ನ ಕೈಗೆ ಬಂತು. ಅಕ್ಕ, ಸುಳ್ಳು ಹೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ, ಅದು ತಾನಾಗಿ ಬಂದುಬಿಟ್ಟಿತು. ಆ ಸಂಜೆ ಪುನಾ ಬೋರ್ಡಿನ ಕೆಳಗೆ ‘ಮಾದರಿ: ಮೆರೆಯಾನಾ’ ಅಂತ ಇನ್ನೊಂದು ಸಾಲು ಸೇರಿಸಿದ. ನಾನು ಬೇಡ ಅನ್ನಲಿಲ್ಲ.

ಅಲ್ಲಿಂದ ಈ ಆಗಸ್ಟಿನ ತನಕ ಮೂವತ್ತೊಂದು ತಿವೈವೈ ಕತ್ತರಿಸಿದ್ದೇನೆ. ಒಂದಕ್ಕೂ ನೀನು ಮಾದರಿ ಕಳಿಸಿಲ್ಲ. ದಾಸವಾಳ, ಜರೀಗಿಡ, ಅನಾನಸು, ಒಂದು ಸಲ ಆಕ್ಟೋಪಸ್ಸು, ಎಲ್ಲ ನನಗೇ ಹೊಳೆದದ್ದು. ಮದುವೆಗೆ ಹೋದವು, ಸಾವಿಗೆ ಹೋದವು, ಒಂದು ಸಿಡ್ನಿಗೂ ಹೋಯಿತು. ‘ಮೆರೆಯಾನಾಳ ಕೈ ದೂರ ಹೋದಷ್ಟೂ ಪಳಗ್ತಾ ಇದೆ’ ಎಂದು ಜನ ನನ್ನೆದುರೇ ನಿನ್ನನ್ನು ಹೊಗಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ನಾನು ಮಾಡಿದ್ದಕ್ಕೆ ನಿನ್ನ ಮೇಲೆ ಹೊಟ್ಟೆಕಿಚ್ಚು.

ಆದರೆ ಹೊಟ್ಟೆಕಿಚ್ಚಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಒಂದು ಕುತೂಹಲ. ಇದು ನನ್ನ ಕೆಲಸ ಅಂದುಕೊಂಡು ಕತ್ತರಿ ಹಿಡಿದರೆ ಕೈ ನಡುಗುತ್ತಿತ್ತು. ಇದು ಅಕ್ಕನ ಮಾದರಿ ಅಂತ ಮನಸ್ಸಿನಲ್ಲಿ ಹೇಳಿಕೊಂಡ ಕೂಡಲೇ ನಡುಕ ನಿಂತುಬಿಡುತ್ತಿತ್ತು. ಅದೇ ಕೈ, ಅದೇ ಕತ್ತರಿ, ಅದೇ ಬಟ್ಟೆ. ಹಾಗಾದರೆ ಧೈರ್ಯ ಅನ್ನುವುದು ಇರುವುದೆಲ್ಲಿ? ಒಂದು ದಿನ ಪರೀಕ್ಷೆ ಮಾಡಿಯೇ ನೋಡೋಣವೆಂದು ಎರಡು ದಿಂಬಿನ ಕವರಿಗೆ ಬಟ್ಟೆ ಮಡಿಸಿದೆ. ಒಂದನ್ನು ಮೆರೆಯಾನಾ ಆಗಿ ಕತ್ತರಿಸಿದೆ, ಇನ್ನೊಂದನ್ನು ನಾನೇ ಅಕೈತಿಯಾಗಿ. ಎರಡನ್ನೂ ಪುನಾನ ಮುಂದೆ ಹರಡಿ, ಏನು ವ್ಯತ್ಯಾಸ ಕಾಣುತ್ತದೆ ಎಂದು ಕೇಳಿದೆ. ಅವನು ಬಹಳ ಹೊತ್ತು ಗಮನವಿಟ್ಟು ನೋಡಿದ.

“ಇದ್ರ ಮೇಲೂ ತಲೆ ಇಟ್ಕೊಂಡು ಮಲಗ್ಬೋದು, ಅದ್ರ ಮೇಲೂ ಮಲಗ್ಬೋದು ಕಣೇ” ಅಂದ.

ಅವನನ್ನು ಬಿಟ್ಟು ಹೊಲಿಗೆ ಕೂಟದ ಇಬ್ಬರಿಗೆ ತೋರಿಸಿದೆ. ಒಬ್ಬಳು ಇದು ಮೆರೆಯಾನಾದು ಅಂದಳು, ಇನ್ನೊಬ್ಬಳು ಅಲ್ಲ, ಅದು ಅಂದಳು. ಅಲ್ಲಿಗೆ ನನ್ನ ಪರೀಕ್ಷೆ ಮುಗಿಯಿತು, ಉತ್ತರ ಸಿಗಲಿಲ್ಲ.

ಈಗ ಜುಲೈಗೆ ಬರುತ್ತೇನೆ. ತೆಪೈರು ಅತ್ತೆಯನ್ನು ನೀನು ಮರೆತಿರಲಾರೆ. ಈಗ ಹೊಲಿಗೆ ಕೂಟಕ್ಕೆ ಅವರೇ ಯಜಮಾನಿ. ಅವರು ಹೂಂ ಅಂದ ಬಟ್ಟೆಗೆ ಊರೆಲ್ಲ ಹೂಂ ಅನ್ನುತ್ತದೆ, ಉಹೂಂ ಅಂದದ್ದು ಪೆಟ್ಟಿಗೆ ಸೇರುತ್ತದೆ. ಮೊಮ್ಮಗ ಮೋಯೆರೋವಾನ ಕೂದಲು ಕತ್ತರಿಸುವ ಶಾಸ್ತ್ರ ಸೆಪ್ಟೆಂಬರ್ ಮೂರಕ್ಕೆ ಅಂತ ಗೊತ್ತಾಗಿತ್ತು. ಹುಟ್ಟಿದಾಗಿನಿಂದ ಬಿಟ್ಟ ಕೂದಲು ಆ ಹುಡುಗನ ಸೊಂಟ ಮುಟ್ಟಿತ್ತು. ಅವನನ್ನು ಕೂರಿಸುವ ಕುರ್ಚಿಗೆ ಹೊಸ ತಿವೈವೈ ಹೊದಿಸಬೇಕು, ಅದನ್ನು ಇನ್ನೂರು ಜನ ನೋಡುತ್ತಾರೆ. ಮಗಳ ಮನೆಗೆಂದು ನಿಮ್ಮ ಟೊಕೊರೊವಾಕ್ಕೆ ಬಂದಿದ್ದ ಅತ್ತೆ ಹಿಂದಿರುಗಿದ ಮರುದಿನವೇ ನಮ್ಮ ಜಗಲಿಗೆ ಬಂದು ಚೀಲದಿಂದ ಕಂದು ಕಾಗದದ ಸುರುಳಿ ತೆಗೆದರು.

“ನಿಮ್ಮಕ್ಕನ ಮನೆಗೆ ಹೋಗಿದ್ದೆ ಕಣೇ. ಇಷ್ಟೊಂದು ಮಾದರಿ ಊರಿಗೆ ಕಳಿಸ್ತಾ ಇದೀಯಲ್ಲ, ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ ಅಂದೆ. ಅವಳು ಒಂದ್ ಗಳಿಗೆ ನನ್ನ ಮುಖಾನೇ ನೋಡಿದ್ಲು. ಆಮೇಲೆ ನಕ್ಕು, ಅದಕ್ಕೇನಂತೆ ಅತ್ತೆ, ತಂಗಿಗಲ್ವಾ ಅಂದ್ಲು. ಮೊಮ್ಮಗನಿಗೂ ಒಂದು ಮಾಡ್ಕೊಡು ಅಂದೆ. ಟೀ ಇಟ್ಟು, ಅಂಗಡಿ ಕಾಗದ ಮಡಿಸಿ, ನನ್ನೆದುರೇ ಕೂತು ಕತ್ತರಿಸಿ ಕೊಟ್ಲು. ದೀವಿಹಲಸಿನ ಎಲೆ, ಕಾಯಿ. ಇದನ್ನೇ ಹಾಕು, ಒಂದ್ ಕೂದಲೆಳೆಯಷ್ಟೂ ಆಚೀಚೆ ಮಾಡ್ಬೇಡ.”

ಅವರು ಹೋದ ಮೇಲೆ ನಾನು ಸುರುಳಿಯನ್ನು ಎದೆಗವುಚಿಕೊಂಡು ಅತ್ತುಬಿಟ್ಟೆ. ಆಸ್ಪತ್ರೆಯ ಬಟ್ಟೆ ಒಗೆದು, ಕಾಲು ಬಾತುಕೊಂಡು ಮನೆಗೆ ಬಂದಿದ್ದವಳು ನೀನು. ತಂಗಿ ಕದ್ದದ್ದು ನಿನ್ನ ಹೆಸರು ಅಂತ ಆ ಒಂದು ಗಳಿಗೆಯಲ್ಲಿ ತಿಳಿದುಕೊಂಡು, ನನ್ನನ್ನು ಬಿಟ್ಟುಕೊಡದೆ ಕತ್ತರಿ ಹಿಡಿದೆಯಲ್ಲ. ನಿನ್ನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು ಮೂರು ದಿನ ಕೂತೆ. ನಾಲ್ಕನೆಯ ದಿನ ಅದನ್ನು ಸುತ್ತಿ ಕಪಾಟಿನ ಮೇಲಿಟ್ಟು, ತೆಪೈರು ಅತ್ತೆಯ ಹಸಿರು ಬಟ್ಟೆಯನ್ನು ಎಂಟು ಪದರ ಮಡಿಸಿ, ನನ್ನದೇ ಚಿತ್ತಾರ ಕತ್ತರಿಸಿದೆ. ಕೆಸುವಿನ ಎಲೆ. ಮೋಯೆರೋವಾನ ಅಪ್ಪ ಕೆಸು ಬೆಳೆಯುವವನು, ಆ ಹುಡುಗ ಆಡಿ ಬೆಳೆದದ್ದೇ ಆ ಕೆಸರಿನಲ್ಲಿ. ಅವತ್ತು ನಿನ್ನ ಹೆಸರು ಹೇಳಿಕೊಳ್ಳುವ ಹಾಗಿರಲಿಲ್ಲ. ನಿನ್ನ ನಿಜವಾದ ಮಾದರಿ ಕಪಾಟಿನ ಮೇಲೆ ಕೂತಿತ್ತಲ್ಲ, ಇನ್ನು ಯಾವ ಬಾಯಿಂದ ಹೇಳಲಿ? ಕತ್ತರಿ ಇಳಿಸಿದಲ್ಲಿಂದ ಎತ್ತುವವರೆಗೂ ಕೈ ನಡುಗುತ್ತಲೇ ಇತ್ತು. ಬೆವರು ಬಟ್ಟೆಯ ಮೇಲೆ ಬೀಳದಿರಲಿ ಎಂದು ಹಣೆಗೆ ಟವೆಲು ಕಟ್ಟಿಕೊಂಡಿದ್ದೆ. ಬಿಚ್ಚಿ ನೆಲಕ್ಕೆ ಹರಡಿದರೆ, ಅಕ್ಕ, ಅಂಚು ಎಲ್ಲೂ ನಡುಗಿರಲಿಲ್ಲ. ಎಂಟೂ ಎಲೆ ನಡುವಿನಿಂದ ಒಂದೇ ಉಸಿರಿಗೆ ಎದ್ದು ಬಂದಿದ್ದವು. ಕೈ ನಡುಗದಿರುವುದನ್ನೇ ನಂಬಿಕೆ ಅಂತ ನಾನು ಇಷ್ಟು ವರ್ಷ ತಿಳಿದಿದ್ದೆ. ಅದು ಹಾಗಲ್ಲವೇನೋ. ನಿನ್ನ ಕೈಯೂ ನಡುಗುತ್ತಿತ್ತೆ? ಅಮ್ಮನದು? ಪಕ್ಕದಲ್ಲೇ ಕೂತು ಮೂಲೆ ಹಿಡಿಯುತ್ತಿದ್ದ ನಾನು ಒಂದು ದಿನವೂ ಕೇಳಲಿಲ್ಲ, ನೋಡಿ ತಿಳಿಯಲೂ ಇಲ್ಲ.

ಹೊಲಿಗೆ ಕೂಟದ ಮನೆಯಲ್ಲಿ ಹನ್ನೊಂದು ಜನ ಹೆಂಗಸರ ಮುಂದೆ ಬಟ್ಟೆ ಬಿಚ್ಚಿದೆ. ತೆಪೈರು ಅತ್ತೆ ಕನ್ನಡಕ ಹಾಕಿಕೊಂಡರು.

“ಎಲ್ಲೇ ನನ್ನ ದೀವಿಹಲಸು?”

“ಅದನ್ನ ಹಾಕ್ಲಿಲ್ಲ ಅತ್ತೆ. ಇದು ನಾನೇ ಮಾಡಿದ್ದು.”

“ನಿನ್ನ ಯಾರು ಕೇಳಿದ್ರು?”

“ಯಾರೂ ಕೇಳಿಲ್ಲ. ಇಲ್ಲಿವರೆಗೆ ಕತ್ತರಿಸಿದ್ದು ಎಲ್ಲ ನಂದೇ. ಅಕ್ಕ ಒಂದೂ ಕಳಿಸಿಲ್ಲ. ನಿಮಗೆಲ್ಲ ಸುಳ್ಳು ಹೇಳಿದೆ.”

ಅತ್ತೆ ಕನ್ನಡಕ ತೆಗೆದರು.

“ಸುಳ್ಳು ಹೇಳಿದ್ದು ಹಾಗಿರ್ಲಿ. ಹೊಟ್ಟೆಪಾಡು, ಅದು ನಂಗೂ ಅರ್ಥ ಆಗುತ್ತೆ. ನಿಜವಾಗ್ಲೂ ಅವಳು ಕೊಟ್ಟು ಕಳಿಸಿದ್ದು ಮನೇಲಿತ್ತಲ್ಲೇ? ಅದನ್ನ ಮೂಲೆಗೆ ಹಾಕಿ ನಿನ್ನದನ್ನ ತಂದ್ಯಲ್ಲ, ಯಾಕೆ?”

“ಇಷ್ಟ ಆಗ್ಲಿಲ್ಲ” ಅಂದೆ.

“ಮೆರೆಯಾನಾಳ ಕೈ ನಿನಗೆ ಇಷ್ಟ ಆಗ್ಲಿಲ್ವಾ? ಅಬ್ಬಬ್ಬಾ. ತಲೆ ಎಲ್ಲಿಗೆ ಹೋಗಿದೆ ನೋಡ್ರೇ ಇವಳದು.”

ನಿನಗೂ ಸದ್ಯಕ್ಕೆ ಅಷ್ಟೇ ಹೇಳುತ್ತೇನೆ. ಇಷ್ಟವಾಗಲಿಲ್ಲ. ಸೊಕ್ಕು ಅನ್ನು, ತಪ್ಪು ತಿಳಿಯುವುದಿಲ್ಲ.

ಆಮೇಲಿನ ವಾರ ಮೂವರು ಬಂದು ಕೊಟ್ಟ ಬಟ್ಟೆ ವಾಪಸು ಒಯ್ದರು. ಒಬ್ಬಳಂತೂ ‘ನಿಂದು ಅಂತ ಮೊದಲೇ ಗೊತ್ತಿದ್ರೆ ಆ ದಾಸವಾಳ ಮಗಳ ಮದುವೆಗೆ ಕೊಡ್ತಾನೇ ಇರ್ಲಿಲ್ಲ’ ಅಂದಳು. ಎರಡು ವರ್ಷದಿಂದ ಆ ದಾಸವಾಳವನ್ನು ಕಂಡವರಿಗೆಲ್ಲ ತೋರಿಸಿಕೊಂಡು ಬಂದವಳು ಅವಳು. ದಾಸವಾಳದ ಒಂದು ಎಸಳೂ ಬದಲಾಗಿರಲಿಲ್ಲ, ಅದರ ಹಿಂದಿನ ಹೆಸರು ಬದಲಾಗಿತ್ತು ಅಷ್ಟೆ. ಅಂಗಳದಲ್ಲಿ ಮತ್ತೆ ಕೋಳಿಗಳು ಮಾತ್ರ. ಪುನಾ ಬೋರ್ಡಿನಿಂದ ನಿನ್ನ ಹೆಸರು ಕೆರೆದು ಹಾಕಿ, ಆ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ. ಬರೆಯುವುದಕ್ಕಿಂತ ಬೋರ್ಡನ್ನೇ ಇಳಿಸಿಬಿಡು ಅಂದೆ. ಅವನು ಇಳಿಸಲಿಲ್ಲ. ಬೆನ್ನು ನೋಯುತ್ತೆ ಅಂದ. ಹತ್ತಿಸುವಾಗ ನೋಯದ ಬೆನ್ನು.

ಕುರ್ಚಿಗೆ ಹಾಕಲು ಬೇರೆ ಬಟ್ಟೆ ಕತ್ತರಿಸಲು ಸಮಯವಿರಲಿಲ್ಲ. ಹೆಂಗಸರು ಗೊಣಗುತ್ತಲೇ ಹಸಿರನ್ನು ಬಿಳಿಯ ಮೇಲೆ ಹಾಸಿ ಹೊಲಿಯಲು ಕೂತರು. ನನ್ನನ್ನು ಕರೆಯಲಿಲ್ಲ. ಆ ಮೂರು ವಾರ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ ಅಂದರೂ ಸರಿಯೆ. ನನಗಿದ್ದ ಭಯ ಒಂದೇ. ನಿನ್ನ ಹೆಸರಿಲ್ಲದೆ ನನ್ನ ಕೆಲಸ ತನ್ನ ಕಾಲ ಮೇಲೆ ನಿಲ್ಲಲಾರದು ಅಂತಾದರೆ ಅದು ಮೊದಲಿನಿಂದಲೂ ನಿಂತಿರಲೇ ಇಲ್ಲ. ಪುನಾನ ಬಸ್ಸು ನಿಂತ ಮೇಲೆ ನಾವು ತಿನ್ನುವುದೇನು ಅನ್ನುವುದು ಅದರ ಹಿಂದೆಯೇ ಬರುತ್ತಿತ್ತು.

ಸೆಪ್ಟೆಂಬರ್ ಮೂರರಂದು ಹೋಗದಿರುವ ಹಾಗಿರಲಿಲ್ಲ, ಹೋಗಿ ಹಿಂದೆ ನಿಂತೆ. ಕೂದಲಿಗೆಲ್ಲ ರಿಬ್ಬನ್ನು ಕಟ್ಟಿಸಿಕೊಂಡು ಮೋಯೆರೋವಾ ಕುರ್ಚಿಯ ಮೇಲೆ ಕೂತಿದ್ದ. ಒಬ್ಬೊಬ್ಬರೇ ಹೋಗಿ ಒಂದೊಂದು ಎಳೆ ಕತ್ತರಿಸಿ, ಮಡಿಲಿಗೆ ನೋಟು ಹಾಕಿ ಬರುತ್ತಿದ್ದರು. ಬರುವಾಗ ಎಲ್ಲರೂ ಒಂದು ಗಳಿಗೆ ನಿಂತು ಕುರ್ಚಿಯ ಬೆನ್ನನ್ನು ನೋಡುತ್ತಿದ್ದರು. ಹುಡುಗ ಕೆಸುವಿನ ತೋಟದಲ್ಲೇ ಕೂತ ಹಾಗೆ ಕಾಣುತ್ತಿದ್ದ. ಅವನ ಅಪ್ಪ ತನ್ನ ಸರದಿ ಬಂದಾಗ ಕತ್ತರಿ ಹಿಡಿದುಕೊಂಡು ಸುಮ್ಮನೆ ಆ ಎಲೆಗಳ ಮೇಲೆ ಕೈಯಾಡಿಸಿದ, ಹಿಂದಿನವರು ಕೆಮ್ಮುವವರೆಗೂ. ಮಂಗಾಯ ದ್ವೀಪದಿಂದ ಬಂದಿದ್ದ ಬೀಗತಿಯೊಬ್ಬಳು, ಈ ಬಟ್ಟೆ ಯಾರು ಕತ್ತರಿಸಿದ್ದು ಎಂದು ತೆಪೈರು ಅತ್ತೆಯನ್ನು ಕೇಳಿದಳು. ನನಗೆ ಓಡಿಹೋಗಬೇಕೆನಿಸಿತು. ಅತ್ತೆಯ ದನಿ ನಿನಗೆ ಗೊತ್ತಲ್ಲ, ಸಮುದ್ರದ ತನಕ ಕೇಳುತ್ತದೆ.

“ಅಕೈತಿದು. ಅಗೋ, ಅಲ್ಲಿ ಕಳ್ಳಿ ಹಾಗೆ ನಿಂತಿದಾಳಲ್ಲ, ಅವಳೇ. ಅವಳಕ್ಕ ಇದಕ್ಕಿಂತ ಒಳ್ಳೇದು ಕಳಿಸಿದ್ಲು. ಇವಳಿಗೆ ಅಹಂಕಾರ.”

ಮೊನ್ನೆ ಸೋಮವಾರ ಬೆಳಿಗ್ಗೆ ಅವರೇ ಬಂದರು. ಕೆಂಪು ಬಟ್ಟೆ, ಬಿಳಿ ಬಟ್ಟೆ. ಜಗಲಿಯಲ್ಲಿ ಕೂತು ಎಳನೀರು ಕುಡಿದು, ನಮ್ಮ ಕೋಳಿಗಳು ಬಡಕಲಾಗಿವೆ ಅಂದು, ಆಮೇಲೆ ವಿಷಯಕ್ಕೆ ಬಂದರು.

“ಇದು ನನ್ನ ಜೊತೆ ಮಣ್ಣಿಗೆ ಹೋಗೋದು. ಪೆಟ್ಟಿಗೇಲಿ ನನ್ನ ಸುತ್ತೋಕೆ. ಇನ್ನೊಬ್ಬರ ಮಾದರಿ ಬೇಡ, ನಿಂಗೆ ತೋಚಿದ್ದನ್ನ ಕತ್ತರಿಸು. ನಂಗೆ ತೋರಿಸೋದೂ ಬೇಡ, ಹೇಗೂ ನಾನು ನೋಡಲ್ಲ. ಆದ್ರೆ ಅವತ್ತು ಅಹಂಕಾರಿ ಅಂದೆನಲ್ಲ, ಆ ಮಾತನ್ನ ನಾನು ವಾಪಸ್ ತಗೊಳ್ಳಲ್ಲ, ತಿಳೀತಾ?”

ತಿಳಿಯಿತು ಅತ್ತೆ ಅಂದೆ. ಅವರು ಹೋದ ಮೇಲೆ ಬಟ್ಟೆ ಮಡಿಸಲು ಕೂತೆ. ಕೈ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟೆ. ವಾಪಸು ಒಯ್ದ ಮೂವರಲ್ಲಿ ಒಬ್ಬಳು ನಿನ್ನೆ ಮತ್ತೆ ಬಂದಿದ್ದಳು, ಏನೂ ಆಗಿಲ್ಲವೆನ್ನುವ ಹಾಗೆ. ಉಳಿದವರು ಬಂದರೂ ಸರಿ, ಬರದಿದ್ದರೂ ಸರಿ, ನಾನು ಬೋರ್ಡು ಇಳಿಸುವುದಿಲ್ಲ.

ಅಕ್ಕ, ನಿನ್ನ ಹೆಸರನ್ನು ಕೇಳದೆ ತೆಗೆದುಕೊಂಡದ್ದಕ್ಕೆ ಕ್ಷಮಿಸು. ಕೇಳಿದ್ದರೆ ನೀನು ಕೊಟ್ಟೇಬಿಡುತ್ತಿದ್ದೆ, ಅದೇ ನನಗೆ ಹೆಚ್ಚು ನಾಚಿಕೆ. ಪಾದ್ರಿಗಳ ಹೆಂಡತಿಯ ಕೈಯಲ್ಲಿ ಒಣಗಿಸಿದ ಬಾಳೆಹಣ್ಣು ಕಳಿಸಿದ್ದೇನೆ. ಅವರು ದಾರಿಯಲ್ಲಿ ತಿನ್ನದಿದ್ದರೆ ಎರಡು ಕಟ್ಟು ಇರಬೇಕು. ಕಾಲನ್ನು ಉಪ್ಪುನೀರಿನಲ್ಲಿ ಇಟ್ಟುಕೋ. ಮಕ್ಕಳಿಗೆ ಮುತ್ತು.

ಇನ್ನು ಮೇಲೆ ತನ್ನ ಹೆಸರನ್ನೇ ಬರೆಯುವ
ನಿನ್ನ ತಂಗಿ
ಅಕೈತಿ

ತಾಜಾಕಲಂ: ಇದನ್ನು ಬರೆಯಬೇಕೋ ಬೇಡವೋ ಎಂದು ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ನಿನ್ನ ಮಾದರಿ ನನಗೆ ಇಷ್ಟವಾಗಲಿಲ್ಲ ಅನ್ನುವುದು ಸುಳ್ಳು, ಆ ಎಲೆಗಳು ತುಂಬ ಚೆನ್ನಾಗಿದ್ದವು. ಆದರೆ ಅವುಗಳ ತೊಟ್ಟು ಮಡಿಕೆಗೆ ಎಲ್ಲೂ ತಾಗಿರಲಿಲ್ಲ ಅಕ್ಕ. ಹಾಗೇ ಕತ್ತರಿಸಿದ್ದರೆ ಬಟ್ಟೆ ಒಂದೇ ಚಿತ್ತಾರವಾಗಿ ಬಿಚ್ಚಿಕೊಳ್ಳದೆ ಎಂಟು ತುಂಡಾಗಿ ಉದುರುತ್ತಿತ್ತು. ನೀನು ತಪ್ಪುವುದುಂಟೆ, ನನ್ನ ಕಣ್ಣೇ ತಪ್ಪಿರಬೇಕು ಎಂದು ಆ ಮೂರು ದಿನ ಹಳೆಯ ಪೇಪರು ಮಡಿಸಿ ಏಳು ಸಲ ಕತ್ತರಿಸಿ ನೋಡಿದೆ, ತಿರುಗಿಸಿಯೂ ನೋಡಿದೆ. ಏಳು ಸಲವೂ ಎಂಟು ತುಂಡು. ಏಳನೆಯ ಸಲ ನನ್ನ ಕಣ್ಣನ್ನು ನಂಬಿದೆ. ನೀನು ಬೇಕೆಂದೇ ಹಾಗೆ ಮಾಡಿದೆಯೋ, ಹನ್ನೊಂದು ವರ್ಷ ಕತ್ತರಿ ಮುಟ್ಟದೆ ಮರೆತೆಯೋ ನನಗೆ ತಿಳಿಯದು, ಹೇಳಲೂಬೇಡ. ತೆಪೈರು ಅತ್ತೆ ಆ ಕಾಗದಕ್ಕೆ ಕಟ್ಟು ಹಾಕಿಸಿ ಹೊಲಿಗೆ ಕೂಟದ ಗೋಡೆಗೆ ತೂಗುಹಾಕುತ್ತಾರಂತೆ, ದಿನವೂ ಕೇಳುತ್ತಿದ್ದರು. ಅದನ್ನು ನಾನು ಒಲೆಗೆ ಹಾಕಿ ಸುಟ್ಟೆ. ಕಳೆದುಹೋಯಿತು ಎಂದು ಹೇಳಿದ್ದೇನೆ. ಅಕ್ಕನ ಕೈಕೆಲಸಕ್ಕೆ ಬೆಲೆ ಗೊತ್ತಿಲ್ಲದವಳು ಅಂತ ಅದಕ್ಕೂ ಬೈಯುತ್ತಿದ್ದಾರೆ, ಬೈಯಲಿ.